ಭಿನ್ನರಾಶಿ ಗುಣಾಕಾರದ ಅಭ್ಯಾಸ ಆ್ಯಪ್: ಗುಣಿಸುವುದನ್ನು ಚೆನ್ನಾಗಿ ಕಲಿಸುತ್ತದೆ, ಸಂಕ್ಷೇಪಿಸುವುದನ್ನು ಅರ್ಧಕ್ಕೆ ಬಿಡುತ್ತದೆ

ಪೂರ್ಣಸಂಖ್ಯೆಯನ್ನು ಭಿನ್ನರಾಶಿಯಿಂದ ಗುಣಿಸುವುದು ಮತ್ತು ಬಂದ ಉತ್ತರವನ್ನು ಸಂಕ್ಷಿಪ್ತ ರೂಪಕ್ಕೆ (6/8ನ್ನು 3/4 ಎಂದು ಬರೆಯುವಂತೆ) ತರುವುದು, ಈ ಎರಡಕ್ಕೆ ಮಾತ್ರ ಮೀಸಲಾದ ಅಭ್ಯಾಸ ಆ್ಯಪ್ ಒಂದರ ವಿಮರ್ಶೆ ಇದು. ಶಾಲಾ ಗಣಿತದ ಎಲ್ಲ ಅಧ್ಯಾಯಗಳನ್ನೂ ಒಂದೇ ಕಡೆ ತುಂಬಿಸಲು ಹೊರಡುವ ಆ್ಯಪ್‌ಗಳ ನಡುವೆ ಇಷ್ಟು ಚಿಕ್ಕ ವಿಷಯವನ್ನು ಹಿಡಿದು ಕುಳಿತದ್ದು ಸಿಗುವುದು ಅಪರೂಪವಾದ್ದರಿಂದ, ಇದನ್ನು ಮಕ್ಕಳ ಪಕ್ಕದಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ಬಳಸಿ ನೋಡಿದೆ. ಇದರಲ್ಲಿ ಚಿತ್ರಗಳ ಮೂಲಕ ವಿವರಿಸುವ ಭಾಗ, ಲೆಕ್ಕಗಳನ್ನು ಬಿಡಿಸುವ ಅಭ್ಯಾಸದ ಭಾಗ ಮತ್ತು ಮುದ್ರಿಸಿಕೊಳ್ಳಬಹುದಾದ ಹಾಳೆಗಳ ಭಾಗ ಎಂದು ಮೂರು ಭಾಗಗಳಿವೆ. ಮೊದಲನೆಯದು ನಿಜಕ್ಕೂ ಉತ್ತಮವಾಗಿದೆ, ಎರಡನೆಯದರಲ್ಲಿ ಒಳ್ಳೆಯದೂ ಕೆಟ್ಟದ್ದೂ ಬೆರೆತಿವೆ, ಮೂರನೆಯದರ ಬಗ್ಗೆ ಒಂದೆರಡು ಮಾತು ಸಾಕು. ನನ್ನ ಮುಖ್ಯ ತಕರಾರನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಗುಣಾಕಾರ ಮುಗಿದ ಮೇಲೆ ಉತ್ತರವನ್ನು ಒಪ್ಪಗೊಳಿಸುವ ಪ್ರತ್ಯೇಕ ಕೆಲಸವೇ ಸಂಕ್ಷೇಪ ಎಂಬಂತೆ ಈ ಆ್ಯಪ್ ನಡೆದುಕೊಳ್ಳುತ್ತದೆ, ಆದರೆ ಉತ್ತರ ಸಂಕ್ಷಿಪ್ತವಾಗುತ್ತದೆಯೇ, ಎಷ್ಟರಮಟ್ಟಿಗೆ ಆಗುತ್ತದೆ ಎಂಬುದು ಗುಣಿಸುವ ಮೊದಲೇ, ಪ್ರಶ್ನೆಯೊಳಗೇ ಕಾಣುವಂತಿರುತ್ತದೆ.

ಚಿತ್ರಗಳ ಭಾಗದಿಂದ ಆರಂಭಿಸೋಣ. 5 × 2/3 ಎಂಬ ಲೆಕ್ಕವನ್ನು ಕೊಟ್ಟರೆ ಪರದೆಯ ಮೇಲೆ ಒಂದರ ಕೆಳಗೊಂದರಂತೆ ಐದು ಪಟ್ಟಿಗಳು ಮೂಡುತ್ತವೆ. ಪ್ರತಿ ಪಟ್ಟಿಯೂ ಮೂರು ಸಮಭಾಗಗಳಾಗಿ ಒಡೆದಿದ್ದು, ಅವುಗಳಲ್ಲಿ ಎರಡಕ್ಕೆ ಬಣ್ಣ ತುಂಬಿರುತ್ತದೆ. ಬಣ್ಣದ ತುಂಡುಗಳನ್ನು ಎಣಿಸಿದರೆ ಹತ್ತು; ಪ್ರತಿ ತುಂಡೂ ಒಂದು ಪಟ್ಟಿಯ ಮೂರನೇ ಒಂದು ಭಾಗ; ಆದ್ದರಿಂದ ಮೊತ್ತ 10/3. ಬಳಿಕ ಒಂದು ಬಟನ್ ಒತ್ತಿದರೆ ಆ ಹತ್ತು ತುಂಡುಗಳು ಸರಿದುಬಂದು ಖಾಲಿ ಜಾಗಗಳನ್ನು ತುಂಬಿ, ಮೂರು ಇಡೀ ಪಟ್ಟಿಗಳೂ ಮಿಕ್ಕ ಒಂದು ತುಂಡೂ ಆಗಿ ನಿಲ್ಲುತ್ತವೆ. 10/3 ಮತ್ತು 3⅓ ಒಂದೇ ಪ್ರಮಾಣವನ್ನು ಸೂಚಿಸುವ ಎರಡು ಬರಹಗಳು ಎಂಬುದನ್ನು ಹೀಗೆ ಕಣ್ಣಿಗೆ ತೋರಿಸಿದಾಗ, ವಿಷಮ ಭಿನ್ನರಾಶಿಯನ್ನು ಮಿಶ್ರ ಭಿನ್ನರಾಶಿಯಾಗಿ ಬದಲಾಯಿಸುವ ಕ್ರಮವನ್ನು ಉರು ಹೊಡೆಸಬೇಕಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಛೇದವನ್ನು ಏಕೆ ಗುಣಿಸಬಾರದು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ತಾನಾಗಿ ಸಿಗುತ್ತದೆ. ತುಂಡುಗಳ ಸಂಖ್ಯೆ ಹೆಚ್ಚಿತೇ ಹೊರತು ತುಂಡಿನ ಗಾತ್ರ ಬದಲಾಗಲಿಲ್ಲ; ಗಾತ್ರವನ್ನು ಹೇಳುವ ಛೇದಕ್ಕೆ ಬದಲಾಗಲು ಕಾರಣವೇ ಇಲ್ಲ.

ಈ ಭಾಗದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ತಪ್ಪು ಉತ್ತರಗಳನ್ನು ನಡೆಸಿಕೊಳ್ಳುವ ಬಗೆ. 4 × 3/5 ಎಂಬ ಲೆಕ್ಕಕ್ಕೆ ಕಲಿಯುವವರು ಹೆಚ್ಚಾಗಿ ಕೊಡುವ ತಪ್ಪು ಉತ್ತರ 12/20. ಅಂಶ ಮತ್ತು ಛೇದ ಎರಡನ್ನೂ ನಾಲ್ಕರಿಂದ ಗುಣಿಸಿದಾಗ ಬರುವ ಫಲ ಅದು. ಬೇರೆ ಕಡೆಗಳಲ್ಲಿ ಇಂಥ ಉತ್ತರಕ್ಕೆ ಕೆಂಪು ಗುರುತು ಬಿದ್ದು, ಸರಿಯುತ್ತರ ಕಾಣಿಸಿಕೊಂಡು, ಮುಂದಿನ ಪ್ರಶ್ನೆ ಬಂದುಬಿಡುತ್ತದೆ. ಇಲ್ಲಿ ಹಾಗಲ್ಲ. 12/20 ಎಂದು ಬರೆದ ಕೂಡಲೇ ಅದರ ಪಟ್ಟಿಯನ್ನೂ 3/5ರ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿ ಇಟ್ಟು, ಎರಡರ ಉದ್ದವೂ ಒಂದೇ ಆಗಿರುವುದನ್ನು ತೋರಿಸಿ, ನಾಲ್ಕು ಪಟ್ಟು ಮಾಡಿದ್ದು ಒಂದು ಪಟ್ಟಿಗೆ ಸಮವಾಗಲು ಹೇಗೆ ಸಾಧ್ಯ ಎಂದು ಕೇಳುತ್ತದೆ. ಕಲಿಯುವವರು ಆ ಪ್ರಶ್ನೆಗೆ ಉತ್ತರಿಸುವ ಹೊತ್ತಿಗೆ, ಅಂಶ ಮತ್ತು ಛೇದ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಬರುವುದು ಸಮಾನ ಭಿನ್ನರಾಶಿಯೇ ಹೊರತು ದೊಡ್ಡ ಭಿನ್ನರಾಶಿಯಲ್ಲ ಎಂಬ ಸಂಗತಿಯನ್ನೂ ಜೊತೆಯಲ್ಲೇ ಕಲಿತಿರುತ್ತಾರೆ, ಮುಂದೆ ಸಂಕ್ಷೇಪಕ್ಕೆ ಆಧಾರವಾಗುವುದೂ ಅದೇ ಸಂಗತಿ. 3/20 ಎಂದು ಬರೆದವರಿಗೂ, ಅಂದರೆ ಛೇದವನ್ನು ಮಾತ್ರ ಗುಣಿಸಿದವರಿಗೂ, ಅವರು ಮಾಡಿದ್ದು ನಾಲ್ಕರಿಂದ ಗುಣಾಕಾರವಲ್ಲ, ನಾಲ್ಕರಿಂದ ಭಾಗಾಕಾರ ಎಂದು ಇದೇ ರೀತಿ ಪಟ್ಟಿಯ ಮೇಲೆ ತೋರಿಸಲಾಗುತ್ತದೆ. ಆದರೆ 4 × 3/5 ಎಂಬುದನ್ನು 4⅗ ಎಂದು ಓದಿಕೊಂಡು 23/5 ಎಂದು ಬರೆಯುವವರೂ ಕಡಿಮೆಯೇನಿಲ್ಲ. ಆ ತಪ್ಪನ್ನು ಆ್ಯಪ್ ಗುರುತಿಸುವುದಿಲ್ಲ, ಸುಮ್ಮನೆ ಮತ್ತೊಮ್ಮೆ ಪ್ರಯತ್ನಿಸಲು ಹೇಳುತ್ತದೆ. ಗುಣಾಕಾರದ ಚಿಹ್ನೆ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಒಂದು ಚಿತ್ರದಲ್ಲಿ ತೋರಿಸುವುದು ಇವರಿಗೆ ಕಷ್ಟದ ಕೆಲಸವೇನೂ ಆಗಿರಲಿಲ್ಲ.

ಚಿತ್ರಗಳ ಭಾಗದ ಎರಡನೆಯ ಅರ್ಧದಲ್ಲಿ ಇದೇ ಗುಣಾಕಾರವನ್ನು ಮತ್ತೊಂದು ದಿಕ್ಕಿನಿಂದ ನೋಡಲಾಗುತ್ತದೆ: ಎಂಟರ ನಾಲ್ಕನೇ ಮೂರು ಭಾಗ ಎಷ್ಟು? ಎಂಟು ಚುಕ್ಕೆಗಳನ್ನು ನಾಲ್ಕು ಸಮಗುಂಪುಗಳಾಗಿ ಒಡೆದರೆ ಪ್ರತಿ ಗುಂಪಿನಲ್ಲಿ ಎರಡು; ಅಂಥ ಮೂರು ಗುಂಪುಗಳನ್ನು ತೆಗೆದುಕೊಂಡರೆ ಆರು. ಮೊದಲು ಮೂರರಿಂದ ಗುಣಿಸಿ 24 ಮಾಡಿ, ಆಮೇಲೆ ನಾಲ್ಕರಿಂದ ಭಾಗಿಸಿದರೂ ಆರೇ ಬರುತ್ತದೆ. ಎರಡು ದಾರಿಗಳ ಫಲ ಒಂದೇ ಎಂಬುದನ್ನು ಆ್ಯಪ್ ಹೇಳುತ್ತದೆ. ಆದರೆ ಮೊದಲು ಭಾಗಿಸುವ ದಾರಿಯಲ್ಲಿ ಸಂಕ್ಷೇಪದ ಕೆಲಸ ಆಗಲೇ ಮುಗಿದುಹೋಗಿದೆ ಎಂಬುದನ್ನು ಹೇಳುವುದಿಲ್ಲ. 24/4 ಎಂಬ ಉತ್ತರವನ್ನು ಬರೆದು ಆಮೇಲೆ ಅದನ್ನು 6ಕ್ಕೆ ಇಳಿಸುವವರು ಮತ್ತು ಎಂಟನ್ನು ಮೊದಲೇ ನಾಲ್ಕರಿಂದ ಭಾಗಿಸುವವರು ಮಾಡುವುದು ಒಂದೇ ಭಾಗಾಕಾರ, ಮಾಡುವ ಹೊತ್ತು ಮಾತ್ರ ಬೇರೆ. ಚಿತ್ರ ಇಷ್ಟು ಸ್ಪಷ್ಟವಾಗಿ ಎದುರಿಗೇ ಇರುವಾಗ ಈ ಒಂದು ವಾಕ್ಯವನ್ನು ಸೇರಿಸದೆ ಬಿಟ್ಟದ್ದು ನನಗೆ ಅಚ್ಚರಿ ತಂದಿತು.

ಎಂಟರ ಬದಲು ಆರು ಚುಕ್ಕೆಗಳಿದ್ದರೆ ಏನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯದ ಪ್ರಶ್ನೆ. ಆರನ್ನು ನಾಲ್ಕು ಗುಂಪುಗಳಾಗಿ ಇಡಿಯಾಗಿ ಹಂಚಲಾಗುವುದಿಲ್ಲ. ಆದರೆ ಪ್ರತಿ ಚುಕ್ಕೆಯನ್ನೂ ಅರ್ಧ ಮಾಡಿದರೆ ಹನ್ನೆರಡು ಅರ್ಧಗಳು ಸಿಗುತ್ತವೆ, ಗುಂಪಿಗೆ ಮೂರರಂತೆ ನಾಲ್ಕು ಗುಂಪುಗಳಾಗುತ್ತವೆ, ಮೂರು ಗುಂಪುಗಳಲ್ಲಿ ಒಂಬತ್ತು ಅರ್ಧಗಳಿರುತ್ತವೆ, ಉತ್ತರ 9/2, ಅಂದರೆ 4½. ನಾಲ್ಕನೇ ಒಂದು ಭಾಗಗಳಾಗಿ ಒಡೆಯುವ ಅಗತ್ಯ ಬೀಳಲಿಲ್ಲ, ಅರ್ಧ ಮಾಡಿದ್ದೇ ಸಾಕಾಯಿತು; ಏಕೆಂದರೆ 6 ಮತ್ತು 4 ಎರಡಕ್ಕೂ 2 ಸಾಮಾನ್ಯ ಅಪವರ್ತನವಾಗಿದೆ, ಅಂದರೆ ಎರಡನ್ನೂ ನಿಶ್ಶೇಷವಾಗಿ ಭಾಗಿಸುತ್ತದೆ. ಉತ್ತರದ ಛೇದ 4 ಆಗಿರದೆ 2 ಆಗಿರುವುದಕ್ಕೆ ಕಾರಣ ಇದೇ. ಈ ಉದಾಹರಣೆ ಆ್ಯಪ್‌ನಲ್ಲಿ ಇಲ್ಲ. ಅಲ್ಲಿ ಚುಕ್ಕೆಗಳ ಸಂಖ್ಯೆ ಯಾವಾಗಲೂ ಛೇದದಿಂದ ನಿಶ್ಶೇಷವಾಗಿ ಭಾಗವಾಗುವಂತೆಯೇ ಇರುತ್ತದೆ. ಸಂಕ್ಷೇಪವೆಂದರೇನು ಎಂಬುದನ್ನು ಚಿತ್ರದಲ್ಲಿ ತೋರಿಸುವ ಅವಕಾಶ ಹೀಗೆ ಕೈತಪ್ಪಿದೆ.

ಅಭ್ಯಾಸದ ಭಾಗ ಆರು ಹಂತಗಳಲ್ಲಿದೆ. ಮೊದಲ ಹಂತದ ಛೇದಗಳು 12ರೊಳಗೆ ಇರುತ್ತವೆ, ಕೊನೆಯ ಹಂತದ ವೇಳೆಗೆ ಎರಡಂಕಿಯ ದೊಡ್ಡ ಛೇದಗಳೂ ಮಿಶ್ರ ಭಿನ್ನರಾಶಿಗಳೂ ಬರುತ್ತವೆ. ಕಷ್ಟವನ್ನು ಸಂಖ್ಯೆಗಳ ಗಾತ್ರದಿಂದ ಮಾತ್ರ ಅಳೆದಿರುವುದು ಇಲ್ಲಿನ ಮೊದಲ ದೋಷ. ಈ ಬಗೆಯ ಲೆಕ್ಕಗಳಲ್ಲಿ ನಿಜವಾದ ವ್ಯತ್ಯಾಸವಿರುವುದು ಪೂರ್ಣಸಂಖ್ಯೆಗೂ ಛೇದಕ್ಕೂ ಇರುವ ಸಂಬಂಧದಲ್ಲಿ. 5 × 2/7ರಲ್ಲಿ 5 ಮತ್ತು 7ಕ್ಕೆ ಒಂದನ್ನು ಬಿಟ್ಟರೆ ಸಾಮಾನ್ಯ ಅಪವರ್ತನವಿಲ್ಲ. ಉತ್ತರ 10/7, ಸಂಕ್ಷೇಪಿಸಲು ಏನೂ ಇಲ್ಲ. 12 × 3/4ರಲ್ಲಿ ಛೇದ ಪೂರ್ಣಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಉತ್ತರ 9, ಭಿನ್ನರಾಶಿಯೇ ಉಳಿಯುವುದಿಲ್ಲ. 10 × 5/6ರಲ್ಲಿ 10 ಮತ್ತು 6 ಎರಡೂ 2ರಿಂದ ಭಾಗವಾಗುತ್ತವೆ. 50/6 ಎಂಬುದು 25/3 ಆಗಿ ಇಳಿಯುತ್ತದೆ. 7 × 4/6ರಲ್ಲಿ ಕೊಟ್ಟ ಭಿನ್ನರಾಶಿಯೇ ಸಂಕ್ಷಿಪ್ತ ರೂಪದಲ್ಲಿಲ್ಲ. 7 ಮತ್ತು 6ಕ್ಕೆ ಸಂಬಂಧವಿಲ್ಲದಿದ್ದರೂ 28/6 ಎಂಬ ಉತ್ತರ 14/3 ಆಗುತ್ತದೆ. ಕಲಿಕೆಯ ದೃಷ್ಟಿಯಿಂದ ಇವು ನಾಲ್ಕು ಬೇರೆ ಬೇರೆ ಬಗೆಗಳು, ಇವುಗಳನ್ನು ಬೆರೆಸಿ ಕೊಡುವುದೇ ಸರಿಯಾದ ಕ್ರಮ. ಈ ಆ್ಯಪ್‌ನ ಮೊದಲೆರಡು ಹಂತಗಳಲ್ಲಿ ಮೂರನೆಯ ಬಗೆಯೇ ತುಂಬಿಕೊಂಡಿದೆ, ಅದರಲ್ಲಿಯೂ ಎರಡರಿಂದ ಭಾಗಿಸಿದರೆ ಮುಗಿಯುವಂಥವೇ ಹೆಚ್ಚು. ಹೀಗಾಗಿ ಉತ್ತರ ಬಂದ ತಕ್ಷಣ ಮೇಲೆ ಕೆಳಗೆ ಎರಡರಿಂದ ಭಾಗಿಸುವುದು ಕೈಗೆ ರೂಢಿಯಾಗಿಬಿಡುತ್ತದೆ; ಮೂರನೆಯ ಹಂತದಲ್ಲಿ 10/7ರಂಥ ಉತ್ತರ ಎದುರಾದಾಗ, ಇಲ್ಲದ ಸಾಮಾನ್ಯ ಅಪವರ್ತನವನ್ನು ಹುಡುಕುತ್ತಾ ಮಗು ಅಲ್ಲೇ ಕುಳಿತುಬಿಡುತ್ತದೆ. ಇದು ಈಗಾಗಲೇ ಸಂಕ್ಷಿಪ್ತ ರೂಪದಲ್ಲಿದೆ ಎಂದು ಗುರುತಿಸುವುದೂ ಒಂದು ಕೌಶಲ. ಅದಕ್ಕಾಗಿ ಒಂದು ಬಟನ್ ಇಟ್ಟಿದ್ದರೆ ಸಾಕಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೊಟ್ಟ ಭಿನ್ನರಾಶಿ ಸಂಕ್ಷಿಪ್ತ ರೂಪದಲ್ಲಿದ್ದರೆ, ಅಂದರೆ ಅದರ ಅಂಶ ಮತ್ತು ಛೇದಗಳು ಸಹ ಅವಿಭಾಜ್ಯಗಳಾಗಿದ್ದರೆ (ಒಂದನ್ನು ಬಿಟ್ಟರೆ ಅವೆರಡಕ್ಕೂ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ), ಗುಣಲಬ್ಧವನ್ನು ಸಂಕ್ಷೇಪಿಸಲು ಬೇಕಾದ ಸಂಖ್ಯೆ ಪೂರ್ಣಸಂಖ್ಯೆ ಮತ್ತು ಛೇದಗಳ ಮಹತ್ತಮ ಸಾಮಾನ್ಯ ಅಪವರ್ತನವೇ (ಮ.ಸಾ.ಅ.), ಅಂದರೆ ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆಯೇ ಆಗಿರುತ್ತದೆ. ಛೇದದ ಯಾವ ಅವಿಭಾಜ್ಯ ಅಪವರ್ತನವೂ ಅಂಶದಲ್ಲಿ ಇಲ್ಲದಿರುವುದರಿಂದ, ಹೊಸ ಅಂಶಕ್ಕೂ ಛೇದಕ್ಕೂ ಸಾಮಾನ್ಯವಾದದ್ದು ಏನೇ ಇದ್ದರೂ ಅದು ಪೂರ್ಣಸಂಖ್ಯೆಯಿಂದಲೇ ಬಂದಿರಬೇಕು. ಇದರ ಪ್ರಯೋಜನವನ್ನು 18 × 7/24 ಎಂಬ ಲೆಕ್ಕದಲ್ಲಿ ನೋಡಬಹುದು. ಆ್ಯಪ್ ತೋರಿಸುವ ಕ್ರಮದಲ್ಲಿ ಮೊದಲು 18 ಮತ್ತು 7ನ್ನು ಗುಣಿಸಿ 126/24 ಬರೆಯಬೇಕು, ಬಳಿಕ 126 ಮತ್ತು 24ರ ಮ.ಸಾ.ಅ. ಹುಡುಕಬೇಕು. ಅದರ ಬದಲು 18 ಮತ್ತು 24ನ್ನು ನೋಡಿದರೆ 6 ಎಂಬುದು ಕೂಡಲೇ ಹೊಳೆಯುತ್ತದೆ. 18ರ ಜಾಗದಲ್ಲಿ 3, 24ರ ಜಾಗದಲ್ಲಿ 4 ಬರುತ್ತದೆ. 3 × 7/4 ಎಂದರೆ 21/4, ಅದೇ 5¼. ಸಂಖ್ಯೆಗಳು ಬೆಳೆದಂತೆ ಈ ಅಂತರವೂ ಬೆಳೆಯುತ್ತದೆ. 45 × 14/75ರಲ್ಲಿ 630/75 ಎಂಬ ಭಿನ್ನರಾಶಿಯೊಂದಿಗೆ ಸೆಣಸುವುದಕ್ಕಿಂತ, 45 ಮತ್ತು 75 ಎರಡನ್ನೂ 15ರಿಂದ ಭಾಗಿಸಿ 3 × 14/5 ಮಾಡಿಕೊಂಡರೆ 42/5, ಅಂದರೆ 8⅖ ಎಂಬ ಉತ್ತರ ಬಾಯಿಲೆಕ್ಕದಲ್ಲೇ ಸಿಗುತ್ತದೆ. ಇಡೀ ಆ್ಯಪ್‌ನಲ್ಲಿ ಈ ದಾರಿಯ ಪ್ರಸ್ತಾಪ ಬರುವುದು ಐದನೆಯ ಹಂತದ ಒಂದು ಸುಳಿವಿನಲ್ಲಿ, ಅದೂ ಕಾರಣ ಹೇಳದೆ, ವೇಗವಾಗಿ ಮಾಡುವ ಉಪಾಯ ಎಂಬ ತಲೆಬರಹದ ಕೆಳಗೆ. ಉಪಾಯವೆಂದು ಕಲಿತದ್ದನ್ನು ಮಕ್ಕಳು ಸಲ್ಲದ ಕಡೆಯೂ ಬಳಸುತ್ತಾರೆ.

ಹಾಗೆ ಬಳಸಲು ಆ್ಯಪ್ ಅನುವನ್ನೂ ಮಾಡಿಕೊಟ್ಟಿದೆ. ಐದನೆಯ ಹಂತದಿಂದ ಮುಂದೆ, ಬೆರಳಿನಿಂದ ಗೆರೆ ಎಳೆದು ಎರಡು ಸಂಖ್ಯೆಗಳನ್ನು ಹೊಡೆದುಹಾಕಿ ಅವುಗಳ ಮೇಲೆ ಹೊಸ ಸಂಖ್ಯೆಗಳನ್ನು ಬರೆಯುವ ಸೌಲಭ್ಯವಿದೆ. ಯಾವ ಎರಡು ಸಂಖ್ಯೆಗಳನ್ನು ಬೇಕಾದರೂ ಹೊಡೆಯಬಹುದು. 6 × 3/5ರಲ್ಲಿ 6 ಮತ್ತು 3ನ್ನು ಹೊಡೆದು 2 ಮತ್ತು 1 ಎಂದು ಬರೆದರೆ ಅದು ತಡೆಯುವುದಿಲ್ಲ; 2/5 ಎಂಬ ಉತ್ತರ ಕೊಟ್ಟ ಮೇಲೆ ತಪ್ಪು ಎನ್ನುತ್ತದೆ, ತಪ್ಪು ಎಲ್ಲಿ ಆಯಿತೆಂದು ಹೇಳುವುದಿಲ್ಲ. ಸರಿಯಾದ ಉತ್ತರ 18/5. ಒಂದಕ್ಕಿಂತ ಕಡಿಮೆ ಇರುವ 2/5ಕ್ಕೂ ಮೂರಕ್ಕಿಂತ ಹೆಚ್ಚಿರುವ 18/5ಕ್ಕೂ ಇರುವ ಅಂತರ ಸಣ್ಣದಲ್ಲ. ಒಂದೇ ಸಂಖ್ಯೆಯಿಂದ ಭಾಗಿಸಬೇಕಾದ್ದು ಮೇಲಿನ ಒಂದನ್ನು ಮತ್ತು ಕೆಳಗಿನ ಒಂದನ್ನು. ಹಾಗೆ ಮಾಡಿದಾಗ ಭಿನ್ನರಾಶಿಯ ಬೆಲೆ ಬದಲಾಗುವುದಿಲ್ಲ, ಏಕೆಂದರೆ ತೆಗೆದುಹಾಕಿದ್ದು 3/3ರಂಥ, ಒಂದಕ್ಕೆ ಸಮನಾದ ಗುಣಕವನ್ನು. ಮೇಲಿನ ಎರಡನ್ನೂ ಮೂರರಿಂದ ಭಾಗಿಸಿದರೆ ಬೆಲೆ ಒಂಬತ್ತನೇ ಒಂದು ಭಾಗಕ್ಕೆ ಕುಸಿಯುತ್ತದೆ, ಇಲ್ಲಿ ಆದದ್ದೂ ಅದೇ. ಪೂರ್ಣಸಂಖ್ಯೆಯನ್ನು 6/1 ಎಂದು ಬರೆದು ತೋರಿಸಿದರೆ ಯಾವುದು ಮೇಲಿನದು, ಯಾವುದು ಕೆಳಗಿನದು ಎಂಬ ಗೊಂದಲವೇ ಇರುವುದಿಲ್ಲ. ಹಾಗೆ ತೋರಿಸುವ ಆಯ್ಕೆ ಆ್ಯಪ್‌ನಲ್ಲಿ ಇದೆ. ಆದರೆ ಅದು ಸೆಟ್ಟಿಂಗ್ಸ್‌ನ ಒಳಗೆಲ್ಲೋ ಅಡಗಿದ್ದು, ಮೊದಲಿಗೆ ಆಫ್ ಆಗಿರುತ್ತದೆ.

ಉತ್ತರಗಳನ್ನು ತಿದ್ದುವ ರೀತಿಯಲ್ಲಿ ನನಗೆ ಇನ್ನಷ್ಟು ಗಂಭೀರವಾದ ಆಕ್ಷೇಪಗಳಿವೆ. 8 × 3/10 ಎಂಬ ಪ್ರಶ್ನೆಗೆ 24/10 ಎಂದು ಬರೆದರೆ, 8 × 3/10ಕ್ಕೆ 24/80 ಎಂದು ಬರೆದಾಗ ಬೀಳುವ ಅದೇ ಕೆಂಪು ಗುರುತು ಬೀಳುತ್ತದೆ. ಮೊದಲನೆಯವರು ಸರಿಯಾಗಿ ಗುಣಿಸಿ ಸಂಕ್ಷೇಪಿಸುವುದನ್ನು ಬಿಟ್ಟಿದ್ದಾರೆ. ಎರಡನೆಯವರಿಗೆ ಗುಣಾಕಾರವೇ ಅರ್ಥವಾಗಿಲ್ಲ. ಇಬ್ಬರಿಗೂ ಒಂದೇ ತೀರ್ಪು ಕೊಟ್ಟರೆ, ಸರಿಯಾಗಿ ಗುಣಿಸಿದ ಮಗು ತನ್ನ ಗುಣಾಕಾರವನ್ನೇ ಅನುಮಾನಿಸಿ, ಮುಂದಿನ ಸಲ ಸರಿಯಾಗಿದ್ದ ಕ್ರಮವನ್ನು ಬದಲಾಯಿಸಲು ಹೊರಡುತ್ತದೆ. ಬೆಲೆ ಸರಿಯಾಗಿದೆ, ಆದರೆ ಇನ್ನೂ ಸಂಕ್ಷೇಪಿಸಬಹುದು ಎಂಬ ಮೂರನೆಯ ತೀರ್ಪೊಂದು ಇರಲೇಬೇಕಿತ್ತು. ಚಿತ್ರಗಳ ಭಾಗದಲ್ಲಿ ತಪ್ಪುಗಳ ಬಗ್ಗೆ ಅಷ್ಟು ಎಚ್ಚರ ವಹಿಸಿದವರೇ ಇಲ್ಲಿ ಇಷ್ಟು ಒರಟಾಗಿ ನಡೆದುಕೊಂಡಿರುವುದನ್ನು ನೋಡಿದರೆ, ಎರಡು ಭಾಗಗಳನ್ನು ಬೇರೆ ಬೇರೆಯವರು ಮಾಡಿರಬೇಕು ಎಂಬ ಗುಮಾನಿ ಬರುತ್ತದೆ.

ನಾಲ್ಕನೆಯ ಹಂತದಿಂದ ಮುಂದೆ ಉತ್ತರವನ್ನು ಮಿಶ್ರ ಭಿನ್ನರಾಶಿಯಲ್ಲಿಯೇ ಕೊಡಬೇಕೆಂಬ ಕಟ್ಟುಪಾಡು ಬರುತ್ತದೆ. 12/5 ಎಂದರೆ ತಪ್ಪು, 2⅖ ಎಂದರೆ ಮಾತ್ರ ಸರಿ. ಇದಕ್ಕೆ ಗಣಿತದಲ್ಲಿ ಯಾವ ಆಧಾರವೂ ಇಲ್ಲ. 12/5 ಸಂಕ್ಷಿಪ್ತ ರೂಪದಲ್ಲಿದೆ, ಏಕೆಂದರೆ 12 ಮತ್ತು 5 ಸಹ ಅವಿಭಾಜ್ಯಗಳು. ಅಂಶ ಛೇದಕ್ಕಿಂತ ದೊಡ್ಡದಾಗಿರುವುದಕ್ಕೂ ಸಂಕ್ಷೇಪಕ್ಕೂ ಸಂಬಂಧವಿಲ್ಲ. ಉತ್ತರದ ಗಾತ್ರವನ್ನು ಅಂದಾಜು ಮಾಡಲು, ಅಳತೆಯನ್ನು ಹೇಳಲು ಮಿಶ್ರ ರೂಪ ಅನುಕೂಲ. ಅದೇ ಉತ್ತರವನ್ನು ಮುಂದೆ ಮತ್ತೊಂದು ಭಿನ್ನರಾಶಿಯಿಂದ ಗುಣಿಸುವುದಿದ್ದರೆ ವಿಷಮ ರೂಪವೇ ಅನುಕೂಲ. ಪ್ರಶ್ನೆ ಯಾವುದನ್ನು ಕೇಳುತ್ತಿದೆ ಎಂಬುದನ್ನು ಪ್ರಶ್ನೆಯಲ್ಲಿ ಹೇಳಿದ್ದರೆ ನನಗೆ ಆಕ್ಷೇಪವಿರಲಿಲ್ಲ. ಸಂಕ್ಷಿಪ್ತ ರೂಪದ ಮೇಲಿನ ಹಟಕ್ಕೂ ಇದೇ ಮಾತು ಸಲ್ಲುತ್ತದೆ: 2 × 3/10 ಎಂಬುದರ ಉತ್ತರವನ್ನು ದಶಮಾಂಶದಲ್ಲಿ ಬರೆಯಬೇಕಾದವರಿಗೆ 3/5ಕ್ಕಿಂತ 6/10 ಹೆಚ್ಚು ಉಪಯುಕ್ತ, 2 × 3/8ರ ಉತ್ತರವನ್ನು ಮತ್ತೊಂದು ಎಂಟನೇ ಭಾಗದೊಂದಿಗೆ ಕೂಡಿಸಬೇಕಾದವರಿಗೆ 3/4ಕ್ಕಿಂತ 6/8 ಹೆಚ್ಚು ಉಪಯುಕ್ತ.

ಮಿಶ್ರ ರೂಪದ ವಿಷಯ ಬಂದದ್ದರಿಂದ ಒಂದು ಮಾತನ್ನು ಸೇರಿಸುತ್ತೇನೆ. ಆ್ಯಪ್ ಯಾವಾಗಲೂ ಮೊದಲು ಸಂಕ್ಷೇಪ, ಆಮೇಲೆ ಮಿಶ್ರ ರೂಪ ಎಂಬ ಕ್ರಮವನ್ನೇ ತೋರಿಸುತ್ತದೆ. ದೊಡ್ಡ ಸಂಖ್ಯೆಗಳಿಗೆ ಇದರ ತಿರುವು ಕ್ರಮ ಹೆಚ್ಚು ಸುಲಭ. 126/24ನ್ನು ಮೊದಲು ಭಾಗಿಸಿದರೆ ಭಾಗಲಬ್ಧ 5, ಶೇಷ 6. ಉಳಿದ 6/24 ಎಂಬುದು ¼ ಎಂದು ಯಾರಿಗಾದರೂ ಕಾಣುತ್ತದೆ. ಇದು ಕೇವಲ ಅದೃಷ್ಟವಲ್ಲ. ಒಂದು ಸಂಖ್ಯೆಯನ್ನು ಮತ್ತೊಂದರಿಂದ ಭಾಗಿಸಿ ಬಂದ ಶೇಷಕ್ಕೂ ಭಾಜಕಕ್ಕೂ ಇರುವ ಸಾಮಾನ್ಯ ಅಪವರ್ತನಗಳೇ ಮೂಲ ಸಂಖ್ಯೆಗಳಿಗೂ ಇರುತ್ತವೆ, ಕ್ರಿ.ಪೂ. ಸುಮಾರು 300ರಲ್ಲಿದ್ದ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ಹೆಸರಿನಲ್ಲಿ ಇಂದಿಗೂ ಕಲಿಸುವ ಮ.ಸಾ.ಅ. ವಿಧಾನ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಮಿಶ್ರ ಭಿನ್ನರಾಶಿಯಾಗಿ ಬದಲಾಯಿಸುವುದೆಂದರೆ ಆ ವಿಧಾನದ ಮೊದಲ ಹೆಜ್ಜೆಯನ್ನು ಇಟ್ಟಂತೆಯೇ. ಆ್ಯಪ್‌ನ ಸಹಾಯದ ಪುಟದಲ್ಲಿ ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವ ವಿಧಾನ ಮಾತ್ರ ಇದೆ. 126 ಎಂದರೆ 2 × 3 × 3 × 7, 24 ಎಂದರೆ 2 × 2 × 2 × 3, ಸಾಮಾನ್ಯವಾದದ್ದು 2 × 3 ಎಂಬ ಅದರ ವಿವರಣೆ ಅಚ್ಚುಕಟ್ಟಾಗಿಯೇ ಇದೆ. ಆದರೆ ಆರನೆಯ ಹಂತದಲ್ಲಿ 34 × 5/51ರಂಥ ಲೆಕ್ಕ ಬಂದಾಗ, 51 ಎಂಬುದು ಮೂರು ಹದಿನೇಳಲಿ ಎಂದು ಹೊಳೆಯದವರಿಗೆ ಆ ಪುಟದಿಂದ ಸಹಾಯವಾಗುವುದಿಲ್ಲ. 51ರಿಂದ 34ನ್ನು ಕಳೆದರೆ 17; ಎರಡನ್ನೂ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು; 17 ಎರಡನ್ನೂ ಭಾಗಿಸುತ್ತದೆ; ಉಳಿಯುವುದು 2 × 5/3, ಅಂದರೆ 10/3. ಕಳೆಯುವಿಕೆ ಬಲ್ಲ ಯಾರಿಗಾದರೂ ಕಲಿಸಬಹುದಾದ ದಾರಿ ಇದು.

ಅಭ್ಯಾಸದ ಭಾಗದಲ್ಲಿ ಮೆಚ್ಚಬೇಕಾದ ಅಂಶವೂ ಒಂದಿದೆ. ಸಂಕ್ಷೇಪವನ್ನು ಒಂದೇ ಏಟಿಗೆ ಮಾಡಬೇಕೆಂದು ಅದು ಒತ್ತಾಯಿಸುವುದಿಲ್ಲ. 16 × 5/24ಕ್ಕೆ 80/24 ಎಂದು ಬರೆದು, ಅದನ್ನು 40/12, 20/6, 10/3 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಲು ಜಾಗವಿದೆ. ಪ್ರತಿ ಮೆಟ್ಟಿಲನ್ನೂ ಪರದೆಯ ಮೇಲೆ ಉಳಿಸಿ, ಕೊನೆಯಲ್ಲಿ ಎಲ್ಲ ಮೆಟ್ಟಿಲುಗಳ ಭಾಜಕಗಳನ್ನೂ ಗುಣಿಸಿ, ಇವೆಲ್ಲ ಸೇರಿ 8ರಿಂದ ಭಾಗಿಸಿದಂತಾಯಿತು ಎಂದು ತೋರಿಸುತ್ತದೆ. ಮ.ಸಾ.ಅ. ಎಂಬುದು ಎಲ್ಲಿಂದಲೋ ಇಳಿದುಬಂದ ಸಂಖ್ಯೆಯಲ್ಲ, ಸಣ್ಣ ಸಣ್ಣ ಭಾಗಾಕಾರಗಳ ಒಟ್ಟು ಫಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಲಿಯುವವರು ಮಧ್ಯದಲ್ಲಿ, 20/6ರಲ್ಲಿ, ನಿಲ್ಲಿಸಿದರೆ ಇನ್ನೊಂದು ಮೆಟ್ಟಿಲು ಇದೆ ಎಂಬ ಸೂಚನೆಯೂ ಬರುತ್ತದೆ. ಈ ಜಾಗದಲ್ಲಿ ಬರೆದರೆ ಬರುವ ಸೌಮ್ಯವಾದ ಸೂಚನೆ, ಅದೇ ಉತ್ತರವನ್ನು ನೇರವಾಗಿ ಉತ್ತರದ ಚೌಕದಲ್ಲಿ ಬರೆದರೆ ಬರುವುದಿಲ್ಲ ಎಂಬುದೇ ವಿಚಿತ್ರ.

ಅಂದಾಜಿಗೆ ಈ ಆ್ಯಪ್ ಸಾಕಷ್ಟು ಜಾಗ ಕೊಟ್ಟಿಲ್ಲ. ಗುಣಿಸಿದರೆ ಸಂಖ್ಯೆ ಬೆಳೆಯಲೇಬೇಕು ಎಂಬ ನಂಬಿಕೆಯನ್ನು ಇಟ್ಟುಕೊಂಡೇ ಮಕ್ಕಳು ಭಿನ್ನರಾಶಿಗಳಿಗೆ ಬರುತ್ತಾರೆ. ಒಂದಕ್ಕಿಂತ ಕಡಿಮೆ ಇರುವ ಭಿನ್ನರಾಶಿಯಿಂದ ಗುಣಿಸಿದಾಗ ಉತ್ತರ ಮೂಲ ಪೂರ್ಣಸಂಖ್ಯೆಗಿಂತ ಕಡಿಮೆಯಾಗಬೇಕು ಎಂಬ ನಿರೀಕ್ಷೆ ಮೊದಲೇ ಇದ್ದರೆ ಎಷ್ಟೋ ತಪ್ಪುಗಳು ತಾವಾಗಿ ಸಿಕ್ಕಿಬೀಳುತ್ತವೆ. 7/24 ಎಂಬುದು ಕಾಲು ಭಾಗಕ್ಕಿಂತ ತುಸು ಹೆಚ್ಚು. 18ರ ಕಾಲು ಭಾಗ 4½. ಆದ್ದರಿಂದ 5¼ ನಂಬಬಹುದಾದ ಉತ್ತರ. ಇಂಥ ಯೋಚನೆಯನ್ನು ಕೇಳುವ ಪ್ರಶ್ನೆಗಳು ಎರಡನೆಯ ಹಂತದಲ್ಲಿ ಬೆರಳೆಣಿಕೆಯಷ್ಟಿವೆ, ಆಮೇಲೆ ಅವು ಕಾಣಿಸಿಕೊಳ್ಳುವುದೇ ಇಲ್ಲ.

ಮಾತಿನ ಲೆಕ್ಕಗಳೂ ಬಡವಾಗಿವೆ. ಪ್ರತಿ ತುಂಡು 5/8 ಮೀಟರ್ ಇರುವಂತೆ 12 ತುಂಡು ಹಗ್ಗಕ್ಕೆ ಒಟ್ಟು ಎಷ್ಟು ಹಗ್ಗ ಬೇಕು ಎಂಬ ಮಾದರಿಯ ಪ್ರಶ್ನೆಗಳೇ ಸಂಖ್ಯೆ ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುತ್ತವೆ. ಅದರ ಉತ್ತರ 60/8, ಅಂದರೆ 7½ ಮೀಟರ್, ಅಲ್ಲಿಗೆ ಮುಗಿಯಿತು. ಒಂದು ಕೆಲಸಕ್ಕೆ 5/6 ಗಂಟೆ ಹಿಡಿದರೆ ಅಂಥ ನಾಲ್ಕು ಕೆಲಸಗಳಿಗೆ ಎಷ್ಟು ಹೊತ್ತು ಎಂದು ಕೇಳಿ, 20/6 ಎಂಬುದು 3⅓ ಗಂಟೆ ಎಂದೂ, ಅದು 3 ಗಂಟೆ 20 ನಿಮಿಷ ಎಂದೂ ಓದಿಸುವ ಪ್ರಶ್ನೆ ಒಂದೂ ಇಲ್ಲ. ಸಂಕ್ಷೇಪಿಸುವುದು ಏಕೆ ಎಂಬ ಮಗುವಿನ ಪ್ರಶ್ನೆಗೆ ಇಂಥ ಲೆಕ್ಕಗಳೇ ನೇರವಾದ ಉತ್ತರ.

ಮಿಶ್ರ ಭಿನ್ನರಾಶಿಯನ್ನು ಪೂರ್ಣಸಂಖ್ಯೆಯಿಂದ ಗುಣಿಸುವ ಆರನೆಯ ಹಂತ ಚಿಕ್ಕದಾದರೂ ಚೊಕ್ಕವಾಗಿದೆ. 4 × 2⅜ ಎಂಬುದನ್ನು 8 ಮತ್ತು 12/8 ಎಂದು ಬಿಡಿಸಿ ಕೂಡಿಸುವ ದಾರಿಯನ್ನೂ, 19/8 ಎಂದು ಬದಲಾಯಿಸಿ 4ರಿಂದ ಗುಣಿಸುವ ದಾರಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಎರಡರಲ್ಲೂ 9½ ಬರುವುದನ್ನು ತೋರಿಸುತ್ತದೆ. ಪೂರ್ಣಭಾಗವನ್ನು ಮಾತ್ರ ಗುಣಿಸಿ 8⅜ ಎಂದು ಬರೆದವರಿಗೆ ಮತ್ತೆ ಪಟ್ಟಿಗಳು ಬಂದು ಉಳಿದ ತುಂಡುಗಳನ್ನು ಎಣಿಸಲು ಹೇಳುತ್ತವೆ.

ಮುದ್ರಿಸಿಕೊಳ್ಳುವ ಹಾಳೆಗಳಲ್ಲಿ ಪ್ರಶ್ನೆಗಳು ಸರಿಯಾಗಿವೆ, ಉತ್ತರಗಳೂ ನಾನು ತಾಳೆ ನೋಡಿದ ಮಟ್ಟಿಗೆ ಸರಿಯಾಗಿವೆ. ಆದರೆ ಉತ್ತರಗಳ ಹಾಳೆಯಲ್ಲಿ ಕೊನೆಯ ಉತ್ತರ ಮಾತ್ರ ಇದೆ, ಹಂತಗಳಿಲ್ಲ. ತಿದ್ದುವವರು ತಪ್ಪು ಗುಣಾಕಾರದಲ್ಲಿ ಆಯಿತೋ ಸಂಕ್ಷೇಪದಲ್ಲಿ ಆಯಿತೋ ಎಂದು ತಾವೇ ಹುಡುಕಬೇಕು. ಮಿಶ್ರ ಭಿನ್ನರಾಶಿಗಳನ್ನು ಓರೆಗೆರೆ ಹಾಕಿ ಒಂದೇ ಸಾಲಿನಲ್ಲಿ ಅಚ್ಚು ಮಾಡಿರುವುದರಿಂದ, ಪೂರ್ಣಭಾಗ ಮತ್ತು ಅಂಶದ ನಡುವಿನ ಅಂತರ ಕಿರಿದಾಗಿ, ಎರಡು ಪೂರ್ಣ ನಾಲ್ಕನೇ ಮೂರು ಎಂಬುದು 23/4 ಎಂದು ಓದಿಸಿಕೊಳ್ಳುತ್ತದೆ. ಅಡ್ಡಗೆರೆಯ ಮೇಲೆ ಅಂಶ, ಕೆಳಗೆ ಛೇದ ಬರುವಂತೆ ಅಚ್ಚು ಮಾಡಿದ್ದರೆ ಈ ತೊಡಕು ಇರುತ್ತಿರಲಿಲ್ಲ. ಪರದೆಯ ಮೇಲೆ ಹಾಗೆಯೇ ಮಾಡಿದ್ದಾರೆ.

ಇಂಟರ್‌ನೆಟ್ ಇಲ್ಲದೆಯೂ ಆ್ಯಪ್ ನಡೆಯುತ್ತದೆ, ಅಭ್ಯಾಸದ ನಡುವೆ ಜಾಹೀರಾತುಗಳು ನುಗ್ಗುವುದಿಲ್ಲ, ಟೈಮರ್ ಅನ್ನು ಆಫ್ ಮಾಡಬಹುದು. ಗುಣಾಕಾರದ ಅರ್ಥವೇ ಇನ್ನೂ ಗಟ್ಟಿಯಾಗದ ಮಗುವಿಗೆ ಇದನ್ನು ಧಾರಾಳವಾಗಿ ಕೊಡಬಹುದು. ಗುಣಿಸಲು ಬಂದು ಸಂಕ್ಷೇಪದಲ್ಲಿ ಮಾತ್ರ ಎಡವುವ ಮಗುವಿಗೆ, ಪಕ್ಕದಲ್ಲಿ ದೊಡ್ಡವರೊಬ್ಬರು ಕುಳಿತುಕೊಳ್ಳಲು ಆಗದಿದ್ದರೆ, ಇದರಿಂದ ಹೆಚ್ಚಿನ ಉಪಯೋಗವಿಲ್ಲ. ಬಳಸುವುದೇ ಆದರೆ, ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಪೂರ್ಣಸಂಖ್ಯೆಯನ್ನು ಒಂದರ ಮೇಲೆ ಬರೆದು ತೋರಿಸುವ ಆಯ್ಕೆಯನ್ನು ಆನ್ ಮಾಡಿ, ಟೈಮರ್ ಆಫ್ ಮಾಡಿ. ಚಿತ್ರಗಳ ಭಾಗವನ್ನು ಪೂರ್ತಿ ಮುಗಿಸಿದ ಮೇಲೆ ಎರಡನೆಯ ಹಂತದಲ್ಲಿ ಅಂದಾಜಿನ ಪ್ರಶ್ನೆಗಳನ್ನು ಮಾತ್ರ ಬಿಡಿಸಿ, ನೇರವಾಗಿ ಮೂರನೆಯದಕ್ಕೆ ಹೋಗಿ. ಉತ್ತರದ ಚೌಕದಲ್ಲಿ ನೇರವಾಗಿ ಬರೆಯುವ ಬದಲು ಮೆಟ್ಟಿಲುಗಳ ಜಾಗವನ್ನೇ ಬಳಸುವಂತೆ ಮಗುವಿಗೆ ಹೇಳಿ, ಮತ್ತು ಪ್ರತಿ ಪ್ರಶ್ನೆಯಲ್ಲೂ ಗುಣಿಸುವ ಮೊದಲು ಪೂರ್ಣಸಂಖ್ಯೆ ಹಾಗೂ ಛೇದ ಎರಡನ್ನೂ ಭಾಗಿಸುವ ಸಂಖ್ಯೆ ಇದೆಯೇ ಎಂದು ನೀವೇ ಕೇಳಿ. ಆ್ಯಪ್ ಅದನ್ನು ಕೇಳುವುದಿಲ್ಲ.